ತಿರುಗಿ ನಿಂತ ‘ಕೆ’

ಆಟ ನೋಡಲು ಹೋದವನು ಕೈಯಲ್ಲಿ ಪೆನ್ಸಿಲು ಹಿಡಿದು ಕೂರಬೇಕೆ? ಹೋದದ್ದು ಕಣ್ಣಿಗೆ ಹಬ್ಬವಾಗಲೆಂದು. ಅಲ್ಲಿಯೂ ಗುಮಾಸ್ತೆಯ ಕೆಲಸವೆ? ಅಮೆರಿಕೆಯ ಬೇಸ್‌ಬಾಲ್ ಮೈದಾನಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಹೀಗೆ ಹಾಳೆ ಪೆನ್ಸಿಲು ಹಿಡಿದು ಕೂರುವ ಪ್ರೇಕ್ಷಕರ ಒಂದು ಪಂಗಡವೇ ಇದೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಅವರು ಬರೆದದ್ದನ್ನು ಮಾರನೆಯ ದಿನ ಯಾರೂ ಕೇಳುವುದೂ ಇಲ್ಲ. ರನ್ನುಗಳ ಮೊತ್ತ ಎದುರಿನ ಫಲಕದ ಮೇಲೆ ದೊಡ್ಡದಾಗಿ ಕಾಣುತ್ತಿರುತ್ತದೆ. ಈಗಂತೂ ಒಂದೊಂದು ಎಸೆತದ ವೇಗವೂ ಅಂಗೈಯ ಫೋನಿನಲ್ಲಿ ಸಿಗುತ್ತದೆ. ಆದರೂ ಬರೆಯುತ್ತಾರೆ. ಈ ಬರವಣಿಗೆಗೆ ‘ಸ್ಕೋರು ಇಡುವುದು’ ಎಂದು ಹೆಸರು. ಹೆಸರಿನಲ್ಲಿ ಲೆಕ್ಕದ ವಾಸನೆಯಿದ್ದರೂ ನನಗೆ ಅದು ಕಥನದ ಒಂದು ಪ್ರಕಾರವಾಗಿ ತೋರುತ್ತದೆ. ಸಾಹಿತ್ಯದ ಪುಟದಲ್ಲಿ ಅದರ ಮಾತೆತ್ತಲು ಅಷ್ಟೇ ನೆಪ.

ಕ್ರಿಕೆಟ್ಟಿನ ಸ್ಕೋರು ಪುಸ್ತಕ ನಮಗೆ ಹೊಸದಲ್ಲ. ಓವರಿನ ಆರು ಎಸೆತಗಳಲ್ಲಿಯೂ ರನ್ ಬಾರದಿದ್ದರೆ ಆ ಆರು ಚುಕ್ಕೆಗಳನ್ನು ಕೂಡಿಸಿ ‘ಎಂ’ ಅಕ್ಷರವಾಗಿಸುವ ಸೊಗಸನ್ನು ಶಾಲೆಯ ಪಂದ್ಯಗಳಿಗೆ ಸ್ಕೋರು ಬರೆದ ಹುಡುಗರೆಲ್ಲ ಬಲ್ಲರು. ಆದರೆ ಅಲ್ಲಿ ಬರೆಯುವವರು ಮೇಜಿನ ಮುಂದೆ ಕುಳಿತ ಇಬ್ಬರು. ಬೇಸ್‌ಬಾಲಿನಲ್ಲಿಯೂ ಅಧಿಕೃತ ಸ್ಕೋರರ್ ಒಬ್ಬನಿರುತ್ತಾನೆ, ನಿಜ; ಅವನ ಜೊತೆಗೆ ಟಿಕೆಟ್ಟು ಕೊಂಡು ಬಂದ ಸಾಮಾನ್ಯನೂ ತನ್ನದೇ ಪ್ರತಿಯೊಂದನ್ನು ಸಿದ್ಧಪಡಿಸುತ್ತಾನೆ.

ಆಟದ ಚೌಕಟ್ಟು ಸರಳ. ತಂಡಕ್ಕೆ ಒಂಬತ್ತು ಜನ, ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿನಲ್ಲೂ ತಂಡವೊಂದಕ್ಕೆ ಮೂರು ಔಟು. ದಾಂಡಿಗನು ಚೆಂಡು ಹೊಡೆದು, ಚೌಕವೊಂದನ್ನು ಮೂಲೆಯ ಮೇಲೆ ನಿಲ್ಲಿಸಿದಂಥ ವಜ್ರಾಕೃತಿಯ ನಾಲ್ಕು ಬೇಸುಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಸ್ಕೋರು ಹಾಳೆಯಲ್ಲಿ ಒಬ್ಬೊಬ್ಬ ದಾಂಡಿಗನಿಗೆ ಒಂದು ಅಡ್ಡ ಸಾಲು, ಒಂದೊಂದು ಇನಿಂಗ್ಸಿಗೆ ಒಂದು ಉದ್ದ ಸಾಲು. ಎರಡೂ ಸೇರುವ ಮನೆಯಲ್ಲಿ ಪುಟ್ಟದೊಂದು ವಜ್ರ. ಆಟಗಾರ ಮೊದಲ ಬೇಸಿಗೆ ಓಡಿದರೆ ಆ ವಜ್ರದ ಒಂದು ಬದಿಗೆ ಗೆರೆ. ಮನೆಗೆ ಮರಳಿದರೆ ಆಕೃತಿ ಪೂರ್ಣ. ಇದೆಲ್ಲ ಕುಳಿತವನ ಪೆನ್ಸಿಲಿನಡಿ ಆಟದ ಜೊತೆಜೊತೆಗೇ ಮೂಡುತ್ತದೆ.

ಕ್ಷೇತ್ರರಕ್ಷಕರಿಗೆ ಸಂಖ್ಯೆಗಳಿವೆ. ಎಸೆತಗಾರ 1, ಅವನೆದುರಿನ ಕ್ಯಾಚರ್ 2, ಮೂರು ಬೇಸುಗಳನ್ನು ಕಾಯುವವರು ಕ್ರಮವಾಗಿ 3, 4, 5, ಶಾರ್ಟ್‌ಸ್ಟಾಪ್ 6, ದೂರದ ಮೂವರು ಎಡದಿಂದ ಬಲಕ್ಕೆ 7, 8, 9. ಇವು ಅಂಗಿಯ ಬೆನ್ನ ಮೇಲಿನ ಸಂಖ್ಯೆಗಳಲ್ಲ, ಸ್ಥಾನದ ಸಂಖ್ಯೆಗಳು. ‘6-4-3’ ಎಂದು ಬರೆದಿದ್ದರೆ, ಶಾರ್ಟ್‌ಸ್ಟಾಪ್ ಚೆಂಡನ್ನು ಬಾಚಿ ಎರಡನೆಯ ಬೇಸಿನವನಿಗೆ ಎಸೆದ, ಅವನು ಅಲ್ಲಿಗೆ ಓಡಿ ಬರುತ್ತಿದ್ದವನನ್ನು ಔಟು ಮಾಡಿ ಮೊದಲ ಬೇಸಿನವನಿಗೆ ಎಸೆದ, ದಾಂಡಿಗನೂ ಔಟು. ಎರಡು ವಿಕೆಟ್ಟು ಬಿದ್ದಂತೆ ಎನ್ನೋಣ. ಮೂರು ಅಂಕೆಗಳಲ್ಲಿ ಮೂರು ಕ್ರಿಯಾಪದಗಳು. ಮೂರು ‘ಸ್ಟ್ರೈಕ್’ ಆಗಿ ಔಟಾದವನಿಗೆ ‘ಕೆ’ ಎಂಬ ಇಂಗ್ಲಿಷ್ ಅಕ್ಷರ. ಕೊನೆಯ ಚೆಂಡಿಗೆ ಬ್ಯಾಟು ಬೀಸಿ ತಪ್ಪಿದ್ದರೆ ‘ಕೆ’ ನೇರವಾಗಿ ನಿಲ್ಲುತ್ತದೆ. ಬೀಸದೆ ನೋಡುತ್ತ ನಿಂತು, ಅಂಪೈರು ಸ್ಟ್ರೈಕೆಂದು ಸಾರಿದ್ದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಲ್ಲುತ್ತದೆ. ಮೊತ್ತದ ದೃಷ್ಟಿಯಿಂದ ಎರಡೂ ಒಂದೇ ಔಟು. ಆದರೂ ಸೆಣಸಿ ಸೋತವನನ್ನೂ ಕೈಕಟ್ಟಿ ಸೋತವನನ್ನೂ ಒಂದೇ ಅಕ್ಷರದಲ್ಲಿ ಬರೆಯಲು ಯಾರಿಗೋ ಮನಸ್ಸಾಗಲಿಲ್ಲ. ಲೆಕ್ಕಕ್ಕೆ ಬೇಡವಾದ ಈ ಭೇದ ಬೇಕಾದದ್ದು ಕಥೆಗೆ.

ಈ ‘ಕೆ’ಯನ್ನು ಕೊಟ್ಟವನು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಬ್ರೂಕ್ಲಿನ್ನಿಗೆ ಬಂದವನು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. 1856ರಲ್ಲಿ ಹೊಬೋಕೆನ್ನಿನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ ಕಂಡ ಬೇಸ್‌ಬಾಲ್ ಪಂದ್ಯವೊಂದು ಅವನ ಮನಸ್ಸನ್ನು ತಿರುಗಿಸಿತು. ಕ್ರಿಕೆಟ್ಟಿನ ಪಟ್ಟಿಯನ್ನು ಹೊಸ ಆಟಕ್ಕೆ ಒಗ್ಗಿಸಿ, ಪಂದ್ಯದ ಸಾರವನ್ನು ಪತ್ರಿಕೆಯ ಅಂಗೈಯಗಲದಲ್ಲಿ ಹಿಡಿಸುವ ‘ಬಾಕ್ಸ್ ಸ್ಕೋರ್’ ಎಂಬುದನ್ನು ರೂಪಿಸಿದ. ‘ಎಸ್’ ಅಕ್ಷರ ಬೇರೆಯದಕ್ಕೆ ಬೇಕಾಗಿತ್ತಾದ್ದರಿಂದ ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರವನ್ನು ಹಿಡಿದ. ಇಂಗ್ಲೆಂಡಿನಲ್ಲಿ ಬಡವರ ಕೇರಿಗಳ ನೈರ್ಮಲ್ಯದ ಬಗ್ಗೆ 1842ರಲ್ಲಿ ಪ್ರಸಿದ್ಧ ವರದಿ ಬರೆದ ಎಡ್ವಿನ್ ಚಾಡ್ವಿಕ್ ಇವನ ಮಲಸೋದರ. ಕೋಷ್ಟಕ ಕಟ್ಟಿದರೆ ಸತ್ಯ ಸಿಕ್ಕೀತೆಂಬ ನಂಬಿಕೆ ಮನೆತನದ್ದೇ ಇರಬೇಕು.

ಈ ನಂಬಿಕೆಯ ಕುರುಡನ್ನೂ ಹೇಳಬೇಕು. ನಾಲ್ಕು ಕೆಟ್ಟ ಎಸೆತಗಳನ್ನು ಸಂಯಮದಿಂದ ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಯುವವನಿದ್ದಾನಲ್ಲ, ಅವನಿಗೆ ಚಾಡ್ವಿಕ್ ಯಾವ ಶ್ರೇಯಸ್ಸನ್ನೂ ಕೊಡಲಿಲ್ಲ. ಅದು ಎಸೆತಗಾರನ ತಪ್ಪೆಂದು ಮಾತ್ರ ಎಣಿಸಿದ. ಬ್ಯಾಟಿಂಗ್ ಸರಾಸರಿಯಲ್ಲಿ ಆ ನಡಿಗೆಗೆ ಇಂದಿಗೂ ಜಾಗವಿಲ್ಲ. ತಾಳ್ಮೆಯೂ ಒಂದು ಗುಣವೆಂದು ಆಟದ ಪಂಡಿತರು ಒಪ್ಪಲು ಒಂದು ಶತಮಾನವೇ ಬೇಕಾಯಿತು. ಕೃತಿಯ ಪ್ರಕಾರವೊಂದು ಯಾವುದನ್ನು ಕಾಣುತ್ತದೆ, ಯಾವುದನ್ನು ಕಾಣುವುದಿಲ್ಲ ಎಂಬುದು ಅದನ್ನು ಕಟ್ಟಿದವನ ಸ್ವಭಾವದಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಕಾವ್ಯಮೀಮಾಂಸೆಯಲ್ಲಿಯೂ ಸಿಗಲಾರದು.

ಹಾಳೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ನೋಡಬೇಕಾದರೆ 1956ರ ಅಕ್ಟೋಬರ್ 8ರ ಪಂದ್ಯವನ್ನು ತೆಗೆದುಕೊಳ್ಳಬಹುದು. ವರ್ಲ್ಡ್ ಸೀರೀಸಿನ ಐದನೆಯ ಪಂದ್ಯ; ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧ ನ್ಯೂಯಾರ್ಕ್ ಯಾಂಕೀಸ್ ತಂಡದ ಎಸೆತಗಾರ ಡಾನ್ ಲಾರ್ಸೆನ್. ಮೂರು ದಿನಗಳ ಹಿಂದೆಯಷ್ಟೇ ಎರಡನೆಯ ಪಂದ್ಯದಲ್ಲಿ ಎರಡು ಇನಿಂಗ್ಸನ್ನೂ ಪೂರೈಸಲಾರದೆ ಹೊರಹೋದವನು. ಅಂದು ಇಪ್ಪತ್ತೇಳು ದಾಂಡಿಗರು ಬಂದರು, ಇಪ್ಪತ್ತೇಳು ಜನವೂ ಔಟು. ಒಬ್ಬನೂ ಮೊದಲ ಬೇಸನ್ನು ಮುಟ್ಟಲಿಲ್ಲ. ವರ್ಲ್ಡ್ ಸೀರೀಸಿನಲ್ಲಿ ಇಂಥ ಪರಿಪೂರ್ಣ ಪಂದ್ಯ ಇದೊಂದೇ. ಡಾಡ್ಜರ್ಸ್ ಕಡೆಯ ಹಾಳೆಯಲ್ಲಿ ಒಂದು ವಜ್ರಕ್ಕೂ ಒಂದು ಗೆರೆಯೂ ಬೀಳಲಿಲ್ಲ. ಖಾಲಿ ವಜ್ರಗಳ ಆ ಸಾಲುಗಳನ್ನು ನೋಡಿದರೆ ಸಾಕು, ಆಟವರಿಯದವನಿಗೂ ಏನೋ ಅಪೂರ್ವವಾದದ್ದು ನಡೆದಿದೆ ಎಂದು ಗೊತ್ತಾಗುತ್ತದೆ.

ಇನ್ನು ಒಳಗಿನ ಬರಹ. ಎರಡನೆಯ ಇನಿಂಗ್ಸಿನಲ್ಲಿ ಜಾಕಿ ರಾಬಿನ್ಸನ್ನನ ಹೆಸರಿನೆದುರು ‘5-6-3’ ಎಂದಿದೆ. ಬಲ್ಲವನು ಇಲ್ಲಿ ತಡೆದು ನಿಲ್ಲುತ್ತಾನೆ. ಈ ಕ್ರಮ ಸಹಜವಾದದ್ದಲ್ಲ. ರಾಬಿನ್ಸನ್ ಬಲವಾಗಿ ಹೊಡೆದ ಚೆಂಡು ಮೂರನೆಯ ಬೇಸಿನ ಆಂಡಿ ಕೇರಿಯ ಕೈಗವಸಿಗೆ ತಾಗಿ ಸಿಡಿಯಿತು, ಶಾರ್ಟ್‌ಸ್ಟಾಪ್ ಗಿಲ್ ಮೆಕ್‌ಡೂಗಲ್ಡ್ ಅದನ್ನು ಎತ್ತಿ ಎಸೆದ, ಕೂದಲೆಳೆಯಲ್ಲಿ ಔಟು. ದೈವವೂ ಲಾರ್ಸೆನ್ನನ ಪಕ್ಷದಲ್ಲಿತ್ತೆಂಬುದನ್ನು ಎರಡು ಅಡ್ಡಗೆರೆ, ಮೂರು ಅಂಕೆ ಹೇಳಿಬಿಡುತ್ತವೆ. ಐದನೆಯ ಇನಿಂಗ್ಸಿಗೆ ಬನ್ನಿ: ಗಿಲ್ ಹಾಜಸ್ ದೂರಕ್ಕೆ ಹೊಡೆದ ಚೆಂಡನ್ನು ಮಿಕಿ ಮ್ಯಾಂಟಲ್ ಬಹುದೂರ ಓಡಿ ಹಿಡಿದ, ಪಂದ್ಯವನ್ನು ಉಳಿಸಿದ ಕ್ಯಾಚು ಅದು. ಹಾಳೆಯಲ್ಲಿ ಬರೇ ‘8’. ನಿಂತಲ್ಲೇ ನಿಂತು ಹಿಡಿದಿದ್ದರೂ ಅದೇ ‘8’. ಪಕ್ಕದಲ್ಲೊಂದು ಆಶ್ಚರ್ಯಚಿಹ್ನೆ ಹಾಕುವವರಿದ್ದಾರೆ, ಚುಕ್ಕಿ ಹಾಕುವವರಿದ್ದಾರೆ. ಅಧಿಕೃತ ಪುಸ್ತಕ ಅದನ್ನು ಕೇಳದು. ಖಾಸಗಿ ಹಾಳೆಯ ಬೆಲೆಯಿರುವುದು ಅಲ್ಲಿಯೇ. ಕಟ್ಟಕಡೆಯ ದಾಂಡಿಗ ಡೇಲ್ ಮಿಚೆಲ್. ಕೊನೆಯ ಚೆಂಡಿಗೆ ಅವನು ಬ್ಯಾಟು ಬೀಸಲಿಲ್ಲ. ಬೇಬ್ ಪಿನೆಲಿ ಎಂಬ ಅಂಪೈರು ಸ್ಟ್ರೈಕೆಂದ. ಚೆಂಡು ಹೊರಗಿತ್ತೆಂಬುದು ಮಿಚೆಲನ ವಾದ. ಆ ಜಗಳವನ್ನು ಹಾಳೆ ತೀರ್ಮಾನಿಸುವುದಿಲ್ಲ. ಮೂಲೆಯ ಮನೆಯಲ್ಲಿ ತಿರುಗಿ ನಿಂತ ‘ಕೆ’ಯೊಂದನ್ನು ಇಟ್ಟು ಸುಮ್ಮನಾಗುತ್ತದೆ.

ಹಾಳೆಗೆ ಕಾಣದೆ ಹೋದದ್ದು ಇನ್ನೂ ದೊಡ್ಡದಿರಬಹುದು. 1951ರ ಅಕ್ಟೋಬರ್ 3ರಂದು ಒಂಬತ್ತನೆಯ ಇನಿಂಗ್ಸಿನಲ್ಲಿ ಬಾಬಿ ಥಾಮ್ಸನ್ ಹೊಡೆದ ಹೋಂ ರನ್ನಿನಿಂದ ನ್ಯೂಯಾರ್ಕ್ ಜೈಂಟ್ಸ್ ತಂಡ ಡಾಡ್ಜರ್ಸನ್ನು 5-4ರಿಂದ ಸೋಲಿಸಿತು. ಅಂದು ಬರೆದ ಹಾಳೆಗಳೆಲ್ಲ ಒಂದೇ ಮಾತು ಹೇಳಿದವು. ಆ ಋತುವಿನಲ್ಲಿ ಜೈಂಟ್ಸ್ ತಮ್ಮ ಮೈದಾನದ ಕೊನೆಯ ಕೋಣೆಯಿಂದ ದೂರದರ್ಶಕವಿಟ್ಟು ಎದುರಾಳಿ ಕ್ಯಾಚರನ ಸನ್ನೆಗಳನ್ನು ಕದಿಯುತ್ತಿದ್ದರೆಂಬ ಸಂಗತಿ ಪತ್ರಿಕೆಯಲ್ಲಿ ವಿವರವಾಗಿ ಬಯಲಾದದ್ದು 2001ರಲ್ಲಿ. ಆ ಒಂದು ಎಸೆತದ ಸನ್ನೆ ತನಗೆ ಸಿಕ್ಕಿರಲಿಲ್ಲವೆಂದು ಥಾಮ್ಸನ್ ಹೇಳಿದ. ಪೆನ್ಸಿಲು ಹಿಡಿದವನು ಬರೆದದ್ದು ಕಂಡದ್ದನ್ನು. ಅಷ್ಟಕ್ಕೆ ಅವನು ಸಾಕ್ಷಿ. ಯಾಂಕೀಸಿನ ಹಳೆಯ ಶಾರ್ಟ್‌ಸ್ಟಾಪ್ ಫಿಲ್ ರಿಜೂಟೋ ಆಮೇಲೆ ರೇಡಿಯೋ ಟೆಲಿವಿಷನ್ನುಗಳಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದಾಗ ತನ್ನ ಹಾಳೆಯ ಕೆಲವು ಮನೆಗಳಲ್ಲಿ ‘ನೋಡುತ್ತಿರಲಿಲ್ಲ’ ಎಂಬುದಕ್ಕೆ ಎರಡಕ್ಷರದ ಗುರುತು ಹಾಕುತ್ತಿದ್ದನಂತೆ. ಇಷ್ಟು ಪ್ರಾಮಾಣಿಕವಾದ ಚಿಹ್ನೆ ಚಾಡ್ವಿಕ್ಕನಿಗೆ ಹೊಳೆಯಲಿಲ್ಲ. ನಮ್ಮ ವಿಮರ್ಶಕರಿಗೂ ಒಂದು ಬೇಕಾಗಿತ್ತು.

ಸ್ಕೋರು ಇಡುವವರ ಮನಸ್ಸನ್ನು ಹೊಕ್ಕ ಎರಡು ಪುಸ್ತಕಗಳನ್ನು ಇಲ್ಲಿ ಹೆಸರಿಸಬೇಕು. ಡೋರಿಸ್ ಕರ್ನ್ಸ್ ಗುಡ್ವಿನ್ ಅವರ ‘ವೆಯ್ಟ್ ಟಿಲ್ ನೆಕ್ಸ್ಟ್ ಇಯರ್’ (1997) ಬಾಲ್ಯದ ನೆನಪುಗಳ ಪುಸ್ತಕ. ಆರು ವರ್ಷದ ಹುಡುಗಿಗೆ ತಂದೆ ಸ್ಕೋರು ಬರೆಯಲು ಕಲಿಸುತ್ತಾನೆ. ಆತ ಕೆಲಸಕ್ಕೆ ಹೋದ ಮೇಲೆ ಹುಡುಗಿ ರೇಡಿಯೋ ಮುಂದೆ ಕುಳಿತು ಡಾಡ್ಜರ್ಸ್ ಪಂದ್ಯವನ್ನು ಬರೆದಿಟ್ಟು ಸಂಜೆ ಅವನಿಗೆ ಒಪ್ಪಿಸಬೇಕು. ಮೊದಮೊದಲು ಗೆದ್ದರೆಂಬುದನ್ನು ತಡೆಯಲಾರದೆ ಹೇಳಿಬಿಡುತ್ತಿದ್ದಳು. ಬರಬರುತ್ತ ಮೊದಲಿನಿಂದ ಶುರುಮಾಡಿ ಕೊನೆಯನ್ನು ಕೊನೆಗೇ ಉಳಿಸುವುದನ್ನು ಕಲಿತಳು. ಮಾರನೆಯ ದಿನದ ಪತ್ರಿಕೆಯಲ್ಲಿ ಎಲ್ಲವೂ ಅಚ್ಚಾಗುತ್ತದೆಂದು ತಂದೆ ಹೇಳಲೇ ಇಲ್ಲ. ಹುಡುಗಿ ದೊಡ್ಡವಳಾಗಿ ಇತಿಹಾಸಕಾರಳಾದದ್ದರಲ್ಲಿ ಆಶ್ಚರ್ಯವೇನು? ಪುಸ್ತಕದ ಬೇರೆ ಕೆಲವು ಅಧ್ಯಾಯಗಳು ಹಳೆಯ ಕಾಲದ ಸಿಹಿಯಲ್ಲಿ ತುಸು ಹೆಚ್ಚಾಗಿಯೇ ಅದ್ದಿವೆ; ಈ ಭಾಗ ಮಾತ್ರ ಅಚ್ಚುಕಟ್ಟು.

ರಾಬರ್ಟ್ ಕೂವರ್ ಅವರ ‘ದಿ ಯೂನಿವರ್ಸಲ್ ಬೇಸ್‌ಬಾಲ್ ಅಸೋಸಿಯೇಷನ್’ (1968) ಕಾದಂಬರಿಯದು ಇದರ ಮಗ್ಗುಲು ಮುಳ್ಳಿನ ಕಥೆ. ಹೆನ್ರಿ ವಾ ಎಂಬ ಒಂಟಿ ಲೆಕ್ಕಿಗ ಮೂರು ದಾಳ ಉರುಳಿಸಿ ಮನೆಯಲ್ಲೇ ಇಡೀ ಲೀಗನ್ನು ಆಡಿಸುತ್ತಾನೆ. ಆಟಗಾರರ ಹುಟ್ಟು, ಮುಪ್ಪು, ದಾಖಲೆ ಎಲ್ಲವನ್ನೂ ಬರೆದಿಡುತ್ತಾನೆ. ಪರಿಪೂರ್ಣ ಪಂದ್ಯ ಆಡಿದ ತರುಣನೊಬ್ಬನನ್ನು ದಾಳದ ಒಂದು ಉರುಳು ಕೊಂದುಹಾಕುತ್ತದೆ. ಲೆಕ್ಕಿಗ ತಡೆದುಕೊಳ್ಳಲಾರದೆ ಮುಂದೊಮ್ಮೆ ದಾಳವನ್ನು ತಾನೇ ತಿರುಗಿಸಿಡುತ್ತಾನೆ. ಆ ಘಳಿಗೆಯಲ್ಲಿ ಅವನು ಸಾಕ್ಷಿಯ ಸ್ಥಾನ ಬಿಟ್ಟು ದೇವರ ಪೀಠಕ್ಕೆ ಏರುತ್ತಾನೆ. ಕೃತಿಯ ತಿರುಳು ಅದೇ. ದೇವರ ಸಂಕೇತವನ್ನು ಹೆಸರಿನ ಮೊದಲಕ್ಷರಗಳಲ್ಲಿ ಅಡಗಿಸಿಟ್ಟದ್ದು ನನಗೆ ಅತಿಯೆನಿಸಿತು. ಆದರೂ ದಾಖಲೆಯ ಹುಚ್ಚಿನ ಕತ್ತಲ ಮುಖವನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಇವೆರಡರಲ್ಲಿಯೂ ಬಾರದ ಒಂದು ಪ್ರಶ್ನೆಯಿದೆ. ಬರೆಯುವವನೇ ಇಲ್ಲದ ಪಂದ್ಯದ ಗತಿಯೇನು? 1989ರಲ್ಲಿ ಡೇವಿಡ್ ಸ್ಮಿತ್ ಎಂಬ ಜೀವವಿಜ್ಞಾನದ ಪ್ರಾಧ್ಯಾಪಕರು ‘ರೆಟ್ರೋಶೀಟ್’ ಎಂಬ ಸಂಸ್ಥೆ ಕಟ್ಟಿ ವರದಿಗಾರರ, ಪ್ರೇಕ್ಷಕರ ಹಳೆಯ ಹಾಳೆಗಳನ್ನು ಕಲೆಹಾಕತೊಡಗಿದರು. ಮರೆತ ಸಾವಿರಾರು ಪಂದ್ಯಗಳು ಹೀಗೆ ಮರಳಿ ಬಂದಿವೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1947ರವರೆಗೆ ಕರಿಯ ಆಟಗಾರರಿಗೆ ಪ್ರಮುಖ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ತಮ್ಮದೇ ನೀಗ್ರೋ ಲೀಗುಗಳಲ್ಲಿ ಆಡಿದರು. ‘ಪಿಟ್ಸ್‌ಬರ್ಗ್ ಕೂರಿಯರ್’, ‘ಚಿಕಾಗೋ ಡಿಫೆಂಡರ್’ನಂಥ ಕರಿಯರ ವಾರಪತ್ರಿಕೆಗಳು ಆದಷ್ಟು ಬಾಕ್ಸ್ ಸ್ಕೋರುಗಳನ್ನು ಅಚ್ಚುಹಾಕಿದವು, ಎಷ್ಟೋ ಅರೆಬರೆ, ಎಷ್ಟೋ ಇಲ್ಲವೇ ಇಲ್ಲ. ಊರೂರು ಅಲೆದು ಆಡಿದ ಪ್ರದರ್ಶನ ಪಂದ್ಯಗಳನ್ನು ಬರೆದವರಾರು?

ಜಾಶ್ ಗಿಬ್ಸನ್ ಎಂಬ ಮಹಾ ದಾಂಡಿಗನ ವಿಷಯದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಕೂಪರ್ಸ್‌ಟೌನಿನ ಕೀರ್ತಿಭವನದ ಫಲಕದಲ್ಲಿ ಅವನು ಸುಮಾರು 800 ಹೋಂ ರನ್ ಹೊಡೆದನೆಂದಿದೆ. ಲೀಗು ಪಂದ್ಯಗಳಲ್ಲದೆ ಹೊರಗಿನವೂ ಸೇರಿದ ಎಣಿಕೆ ಅದು. ಕಾಗದದ ಆಧಾರವುಳ್ಳ ಲೀಗು ಪಂದ್ಯಗಳಲ್ಲಿ ಸಿಗುವುದು 200ಕ್ಕೂ ಕಡಿಮೆ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳಿಗೆ ಪ್ರಮುಖ ಲೀಗಿನ ಸ್ಥಾನ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಗಿಬ್ಸನ್ನನ ಸರಾಸರಿ 0.372, ಟೈ ಕಾಬ್‌ನ 0.367ನ್ನು ಹಿಂದೆ ಹಾಕಿ ಅವನ ಹೆಸರು ಮೊದಲಿಗೆ ಬಂತು. ಅವನು ತೀರಿಕೊಂಡದ್ದು 1947ರ ಜನವರಿಯಲ್ಲಿ. ಅದೇ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದ. ಆ ವರ್ಷಗಳ ನೀಗ್ರೋ ಲೀಗು ಪಂದ್ಯಗಳಲ್ಲಿ ಮುಕ್ಕಾಲು ಪಾಲಿಗೆ ಮಾತ್ರ ದಾಖಲೆ ದೊರೆತಿದೆಯೆಂದು ಅಂದಾಜು. ಉಳಿದ ಕಾಲು ಪಾಲಿಗಾಗಿ ಹಳೆಯ ವಾರಪತ್ರಿಕೆಗಳ ಪುಟಗಳನ್ನು ಮಗುಚಿ ನೋಡುವ ಕೆಲಸ ಇನ್ನೂ ನಡೆದಿದೆ.