ಸೋಮವಾರದ ಓಟ

ಭಾನುವಾರ ನಂದಿಬೆಟ್ಟ ಓಡಿ ಹತ್ತಿ, ಓಡಿಯೇ ಇಳಿದೆ. ಏದುಸಿರು ಬಂದದ್ದು ಹತ್ತುವಾಗ, ಪೆಟ್ಟು ಬಿದ್ದದ್ದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಹಾಗೆ ತಡೆದು ತಡೆದು ಅದರ ಎಳೆಗಳು ಅಲ್ಲಲ್ಲಿ ನವಿರಾಗಿ ಹರಿಯುತ್ತವೆ. ಸೋಮವಾರ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡಲಾಗಿ ಇಳಿದೆ.

‘ಲ್ಯಾಕ್ಟಿಕ್ ಆಸಿಡ್ ಕೂತಿದೆ ಸಾರ್, ಒಂದು ರೌಂಡ್ ಓಡಿದ್ರೆ ಕರಗುತ್ತೆ’ ಎಂದರು ಕಬ್ಬನ್ ಪಾರ್ಕಿನಲ್ಲಿ ಸಿಕ್ಕ ಜೊತೆಗಾರರು. ಪಾಪ, ಅದರ ತಲೆಗೆ ಕಟ್ಟದ ತಪ್ಪಿಲ್ಲ. ಓಟ ಮುಗಿದ ಒಂದೆರಡು ಗಂಟೆಯಲ್ಲೇ ಅದು ರಕ್ತದಿಂದ ಖಾಲಿಯಾಗಿರುತ್ತದೆ. ಈ ನೋವು ಏರುವುದು ಮಾರನೇ ದಿನ, ಕೆಲವರಿಗೆ ಮೂರನೇ ದಿನ.

ಮತ್ತೆ ಸೋಮವಾರ ಓಡುವುದೇಕೆ? ನಿಧಾನದ ಓಟ ಸ್ನಾಯುವನ್ನು ರಿಪೇರಿ ಮಾಡುತ್ತದೆಂದು ನಾನು ನಂಬಿಲ್ಲ. ಅದು ಊಟ, ನಿದ್ದೆಗಳ ಕೆಲಸ. ಮೊದಲ ಕಿಲೋಮೀಟರ್ ಮರದ ಕಾಲು ಕಟ್ಟಿಕೊಂಡಂತಿದ್ದು, ಮೂರನೆಯದರ ಹೊತ್ತಿಗೆ ಮೈ ಬಿಸಿಯಾಗಿ ಬಿಗಿತ ಸಡಿಲಾಗುತ್ತದೆ, ಅಷ್ಟೇ. ಸಂಜೆಗೆ ಮತ್ತೆ ಹಿಡಿದುಕೊಳ್ಳುತ್ತದೆ. ನಿಜವಾದ ಲಾಭವೆಂದರೆ, ಬುಧವಾರದ ಬಿರುಸಿನ ಅಭ್ಯಾಸಕ್ಕೆ ಬೇಕಾದ ಕಸುವನ್ನು ಮುಟ್ಟದೆ ವಾರದ ಲೆಕ್ಕಕ್ಕೆ ಐದಾರು ಕಿಲೋಮೀಟರ್ ಸೇರುತ್ತದೆ.

ಆದರೆ ನಿಧಾನ ಎಂದರೆ ನಾಚಿಕೆಯಾಗುವಷ್ಟು ನಿಧಾನ. ಎಲಿಯುಡ್ ಕಿಪ್‌ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು, ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡಿನಂತೆ. ಅದೇ ಮನುಷ್ಯ ಕೀನ್ಯಾದ ಕಪ್ತಗಟ್‌ನ ಮಣ್ಣುರಸ್ತೆಯಲ್ಲಿ ಆರಾಮದ ದಿನದ ಓಟವನ್ನು ಐದು ನಿಮಿಷದ ಆಸುಪಾಸಿನಲ್ಲಿ ಶುರುಮಾಡುತ್ತಿದ್ದರು. ನಮ್ಮವರೋ, ಸ್ಪರ್ಧೆಯಲ್ಲಿ ಆರು ನಿಮಿಷಕ್ಕೆ ಓಡುವವರು ಸೋಮವಾರ ಆರೂವರೆಗೆ ಓಡಿ, ‘ರಿಕವರಿ’ ಎಂದು ಆ್ಯಪಿನಲ್ಲಿ ಹಾಕಿಕೊಳ್ಳುತ್ತಾರೆ. ಅದು ಎಡಬಿಡಂಗಿ ಓಟ. ದಣಿವನ್ನೂ ಕಳೆಯುವುದಿಲ್ಲ, ವೇಗವನ್ನೂ ಕೊಡುವುದಿಲ್ಲ.

ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಿಲ್ ಬೋವರ್‌ಮನ್ ಆರಾಮದ ದಿನದ ನಿಯಮವನ್ನು ಹಟ ಹಿಡಿದು ಜಾರಿಗೆ ತಂದವರು. ಒಂದು ದಿನ ಬಿರುಸು, ಮರುದಿನ ಆರಾಮ. ಕೆನ್ನಿ ಮೂರ್ ಎಂಬ ಶಿಷ್ಯ ಆರಾಮದ ದಿನವೂ ಕದ್ದು ಮೈಲಿಗಟ್ಟಲೆ ಓಡುತ್ತಿದ್ದರು. ಕೆಲವು ವಾರ ದಿನಕ್ಕೆ ಮೂರು ಮೈಲಿ, ಅದಕ್ಕಿಂತ ಹೆಜ್ಜೆ ಮುಂದಿಡುವಂತಿಲ್ಲ ಎಂದು ಗುರುಗಳು ಕಟ್ಟಪ್ಪಣೆ ಮಾಡಿದರು. ಶಿಷ್ಯ ಸಿಡಿಮಿಡಿಗೊಂಡೇ ಪಾಲಿಸಿದರು, ಮುಂದಿನ ಎರಡು ಮೈಲಿ ಸ್ಪರ್ಧೆಯಲ್ಲಿ ತಮ್ಮ ಹಳೆಯ ಸಮಯವನ್ನು ಎಷ್ಟೋ ಹಿಂದೆ ಹಾಕಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ನಾಲ್ಕನೆಯವರಾಗಿ ಬಂದವರು ಇವರೇ.

ವೇಗ ಅಳೆಯಲು ನನಗೆ ವಾಚು ಬೇಡ. ಹದಿಮೂರರ ಮಗ್ಗಿ ಸಾಕು. ಗಟ್ಟಿಯಾಗಿ ಹೇಳುತ್ತಾ ಓಡಬೇಕು. ಹದಿಮೂರೇಳು ತೊಂಬತ್ತೊಂದಕ್ಕೆ ಬರುವಷ್ಟರಲ್ಲಿ ಉಸಿರು ಕಡಿದರೆ ಓಟ ಜೋರಾಯಿತೆಂದೇ ಅರ್ಥ. (ಮಗ್ಗಿಯೇ ಮರೆತಿದ್ದರೆ ಅದು ಬೇರೆ ವಿಚಾರ.) ವಾಕಿಂಗಿನ ಅಜ್ಜಂದಿರು ತಿರುಗಿ ನೋಡಿದರೆ ನೋಡಲಿ. ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ, ಸಮತಟ್ಟು ನೆಲದಲ್ಲಿ.

ಒಂದು ಎಚ್ಚರಿಕೆ. ನೋವು ಎರಡೂ ಕಾಲಿಗೆ ಸಮನಾಗಿ ಹರಡಿದ್ದರೆ ಓಡಿ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿದ್ದರೆ ಶೂ ಕಟ್ಟಬೇಡಿ, ಡಾಕ್ಟರಿಗೆ ತೋರಿಸಿ.