ಸ್ವರಕ್ಕೂ ಜಾತಿಯುಂಟು

ನಮ್ಮ ತಾಲ್ಲೂಕಿನ ಹಾಸ್ಟೆಲಿನಲ್ಲಿ ಓದುವ ಹುಡುಗಿಯೊಬ್ಬಳು ಮೊನ್ನೆ ಬಂದು, 'ಸಾ, ನಾನು ಡಿಗ್ರಿಗೆ ಸಂಗೀತ ತಗೊಳ್ಳಲಾ, ಬ್ಯಾಡ್ವಾ?' ಅಂತ ಕೇಳಿದಳು. ಅವಳ ತಾತ ತಮಟೆ ಬಡಿಯುತ್ತಿದ್ದವನು. ಹುಡುಗಿಗೆ ಒಳ್ಳೆ ಕಂಠ ಇದೆ. ನನ್ನ ಪಕ್ಕ ಕೂತಿದ್ದ ಸಂಘಟನೆಯ ಗೆಳೆಯರು ನನಗಿಂತ ಮೊದಲೇ ಉತ್ತರ ಕೊಟ್ಟುಬಿಟ್ಟರು: 'ಅಗ್ರಹಾರದ ಸಂಗೀತ ನಮಗ್ಯಾಕವ್ವ? ನಮ್ದು ತಮಟೆ ಇಲ್ವಾ?'

ಗೆಳೆಯರ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಆದರೆ ಅದು ಓದದೆ ಕೊಟ್ಟ ಉತ್ತರ. ನಾನು ಮೂರು ವರ್ಷ ಆ ಪಾಠ ಓದಿ, ಆಮೇಲೆ ಪ್ರೈಮರಿ ಶಾಲೆ ಮೇಷ್ಟ್ರಾದವನು. ಆ ಓದಿನಲ್ಲಿ ಏನಿದೆ, ಏನಿಲ್ಲ ಅನ್ನುವುದನ್ನು ಹೇಳಬೇಕಾದದ್ದು ನನ್ನ ಕೆಲಸ.

ಸಂಗೀತ ಕಾಲೇಜಿನಲ್ಲಿ ಹಾಡು ಕಲಿಯುವುದರ ಜೊತೆಗೆ ಇನ್ನೆರಡು ಪಾಠ ಇರುತ್ತವೆ. ಒಂದು ಶಾಸ್ತ್ರ. ಇನ್ನೊಂದು ಸ್ವರಜ್ಞಾನ, ಅಂದರೆ ಕೇಳಿದ ಸದ್ದನ್ನು ಕಿವಿಯಿಂದಲೇ ಇದು ಇಂಥ ಸ್ವರ ಎಂದು ಗುರುತಿಸುವುದು. ಮೊದಲ ವರ್ಷ ನಮ್ಮ ಮೇಷ್ಟ್ರು ಹಾರ್ಮೋನಿಯಂನ ಒಂದು ಮನೆ ಒತ್ತಿದರು. 'ಸಾಧಾರಣ ಗಾಂಧಾರ' ಅಂದೆ. 'ತಪ್ಪು, ಷಟ್‌ಶ್ರುತಿ ರಿಷಭ' ಅಂದರು. ಕ್ಲಾಸೆಲ್ಲ ನಕ್ಕಿತು. ಅದೇ ಮನೆ, ಅದೇ ಸದ್ದು! ಆಮೇಲೆ ಗೊತ್ತಾಯಿತು, ಕರ್ನಾಟಕ ಸಂಗೀತದಲ್ಲಿ ಸದ್ದಿನ ಜಾಗ 12, ಹೆಸರು 16. ಅಕ್ಕಪಕ್ಕ ಯಾವ ಸ್ವರ ಇದೆ ಎನ್ನುವುದರ ಮೇಲೆ ಹೆಸರು ತೀರ್ಮಾನವಾಗುತ್ತದೆ. ಬರೀ ಒಂದು ಮನೆ ಒತ್ತಿ ಹೆಸರು ಕೇಳುವುದೇ ತಪ್ಪು ಪ್ರಶ್ನೆ. ಅದನ್ನು ಹೇಳುವ ಧೈರ್ಯ ಅವತ್ತು ನನಗಿರಲಿಲ್ಲ.

ಆದರೂ ನಿಜ ಹೇಳಿಬಿಡುತ್ತೇನೆ, ಈ ಲೆಕ್ಕ ನನಗೆ ಇಷ್ಟವಾಯಿತು. ರಿಷಭ-ಗಾಂಧಾರಗಳ ಜೋಡಿ ಆರು, ಧೈವತ-ನಿಷಾದಗಳ ಜೋಡಿ ಆರು, ಮಧ್ಯಮ ಎರಡು: ಆರಾರಲ ಮೂವತ್ತಾರು, ಅದರ ಎರಡರಷ್ಟು 72 ಮೇಳ. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಈ ಲೆಕ್ಕ ಹಾಕಿದಾಗ ಬಳಕೆಯಲ್ಲಿದ್ದ ಮೇಳಗಳೆಂದು ಅವನು ಹೇಳಿದ್ದು 19 ಮಾತ್ರ. ಮಿಕ್ಕವು ಮುಂದೆ ಬರಬಹುದಾದವಕ್ಕೆ ಬಿಟ್ಟ ಜಾಗ. ಇಂಥ ಬುದ್ಧಿಯನ್ನು ಯಾರು ಮಾಡಿದ್ದಾದರೂ ನಾವು ಕಲಿಯಬೇಕು. ಕಿವಿಯ ಪಾಠವೂ ಅಷ್ಟೆ. ತೋಡಿಯಲ್ಲೂ ಖರಹರಪ್ರಿಯದಲ್ಲೂ ಇರುವುದು ಸಾಧಾರಣ ಗಾಂಧಾರವೇ. ಆದರೆ ತೋಡಿಯಲ್ಲಿ ಅದು ತೂಗುವ ರೀತಿ ಬೇರೆ. ಹಾರ್ಮೋನಿಯಂನ ಮನೆ ಒತ್ತಿದರೆ ಅದು ಸಿಕ್ಕುವುದಿಲ್ಲ, ಕೇಳಿ ಕೇಳಿಯೇ ಹಿಡಿಯಬೇಕು. ನನ್ನ ಕಿವಿ ತೆರೆದದ್ದು ಆ ಕ್ಲಾಸಿನಲ್ಲೇ.

ನನ್ನ ತಕರಾರು ಶುರುವಾಗುವುದು ಶಾಸ್ತ್ರದ ಪತ್ರಿಕೆಯಲ್ಲಿ. 'ಲಕ್ಷಣಗ್ರಂಥಗಳ ಬಗ್ಗೆ ಟಿಪ್ಪಣಿ ಬರೆಯಿರಿ' ಎಂಬ ಪ್ರಶ್ನೆಗೆ ನಾವು ಬಾಯಿಪಾಠ ಮಾಡುತ್ತಿದ್ದೆವು: 'ಸಂಗೀತ ರತ್ನಾಕರ', ಕರ್ತೃ ಶಾರ್ಙ್ಗದೇವ, ಹದಿಮೂರನೇ ಶತಮಾನ, ದೇವಗಿರಿಯ ಯಾದವರ ಆಸ್ಥಾನ, ಏಳು ಅಧ್ಯಾಯ. ಬರೆದರೆ ಪೂರ್ತಿ ಅಂಕ. ಆ ಏಳು ಅಧ್ಯಾಯಗಳಲ್ಲಿ ಮೊದಲನೆಯದರಲ್ಲೇ ಸ್ವರಗಳಿಗೆ ಕುಲ, ಜಾತಿ ಹಂಚಿದ್ದಾರೆ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ನಾನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಷಡ್ಜ, ಮಧ್ಯಮ, ಪಂಚಮ ಬ್ರಾಹ್ಮಣರು. ರಿಷಭ, ಧೈವತ ಕ್ಷತ್ರಿಯರು. ಗಾಂಧಾರ, ನಿಷಾದ ವೈಶ್ಯರು. ಅವೇ ತಮ್ಮ ಜಾಗ ಬಿಟ್ಟು ಸರಿದು ಅಂತರ ಗಾಂಧಾರ, ಕಾಕಲಿ ನಿಷಾದವಾದರೆ ಶೂದ್ರರು. ನಿಷಾದನದು ಅಸುರ ಕುಲ ಬೇರೆ. ಇದಕ್ಕೂ ಹಳೆಯ 'ನಾರದೀಯ ಶಿಕ್ಷೆ'ಯಲ್ಲಿ ಗಾಂಧಾರ-ನಿಷಾದಗಳು ಅರ್ಧ ವೈಶ್ಯ, ಅರ್ಧ ಶೂದ್ರ. ಕಾರಣವನ್ನೂ ಕೊಟ್ಟಿದ್ದಾರೆ: ಪತಿತವಾದದ್ದರಿಂದ!

ಊರಾಚೆ ಇಟ್ಟ ನಮ್ಮನ್ನು ಪಂಚಮರು ಅಂದರು. ಶಾಸ್ತ್ರದಲ್ಲಿ ಪಂಚಮ ಮಾತ್ರ ಬ್ರಾಹ್ಮಣ. ಇರಲಿ. ತಮಾಷೆ ಏನೆಂದರೆ ಸಂಗೀತ ಕಲಿಯುವ ಮಗುವಿಗೆ ಮೊದಲ ಸರಳೆ ವರಸೆ ಹೇಳಿಕೊಡುವುದು ಮಾಯಾಮಾಳವಗೌಳದಲ್ಲಿ. ಅದರಲ್ಲಿ ಬರುವ ಗಾಂಧಾರ ಅಂತರ, ನಿಷಾದ ಕಾಕಲಿ. ಎಂಥ ಮಡಿವಂತರ ಮನೆಯ ಮಗುವಾದರೂ ಇವೆರಡು 'ಶೂದ್ರ' ಸ್ವರಗಳನ್ನು ಬಾಯಲ್ಲಿ ಇಟ್ಟುಕೊಳ್ಳದೆ ಸಂಗೀತದ ಹೊಸಿಲು ದಾಟುವಂತಿಲ್ಲ.

'ಅದು ಹಳೇ ಕಾಲದ ಮಾತು, ಬಿಡಿ' ಅನ್ನುವವರಿದ್ದಾರೆ. ಅವರಿಗೆ ಅಮೆರಿಕದ ಒಂದು ಸಂಗತಿ ಹೇಳಬೇಕು. ಅಲ್ಲಿನ ಸಂಗೀತ ಕಾಲೇಜುಗಳಲ್ಲೂ ಥಿಯರಿ, ಇಯರ್ ಟ್ರೈನಿಂಗ್ ಅಂತ ಇವೇ ಎರಡು ಪಾಠಗಳುಂಟು. ಫಿಲಿಪ್ ಯೂವೆಲ್ ಎಂಬ ಕಪ್ಪು ಪ್ರಾಧ್ಯಾಪಕರು 2019ರಲ್ಲಿ ಸಂಗೀತಶಾಸ್ತ್ರದ ವಿದ್ವಾಂಸರೆಲ್ಲ ಸೇರಿದ್ದ ಸಮ್ಮೇಳನದಲ್ಲೇ ನಿಂತು ಈ ಪಾಠಕ್ಕೆ ಬಿಳಿಯರ ಚೌಕಟ್ಟು ಹಾಕಿದೆ ಎಂದರು. ಹೆಚ್ಚು ಬಳಕೆಯಲ್ಲಿದ್ದ ಏಳು ಪಠ್ಯಪುಸ್ತಕ ತೆಗೆದು ಅವರು ಎಣಿಸಿದರು: ಒಟ್ಟು ಉದಾಹರಣೆ 2930, ಬಿಳಿಯರಲ್ಲದವರು ರಚಿಸಿದ್ದು 49. ಅಲ್ಲಿ ಶೆಂಕರ್ (1868-1935) ಎಂಬ ಶಾಸ್ತ್ರಕಾರ ದೊಡ್ಡ ಹೆಸರು. ಸ್ವರಗಳಲ್ಲಿ ಮೇಲು-ಕೀಳು ಕಟ್ಟಿದ ಅವನ ಬುದ್ಧಿಗೂ ಜನಾಂಗಗಳಲ್ಲಿ ಮೇಲು-ಕೀಳು ಕಂಡ ಅವನ ಬುದ್ಧಿಗೂ ನಂಟಿದೆ ಎಂದು ಯೂವೆಲ್ ವಾದಿಸಿದರು. ಮರುವರ್ಷ ಶೆಂಕರ್ ಅಧ್ಯಯನದ ಪತ್ರಿಕೆಯೊಂದು ಇದಕ್ಕೆ ಪ್ರತಿಕ್ರಿಯೆಗಳನ್ನು ಸಾಲುಸಾಲಾಗಿ ಅಚ್ಚು ಹಾಕಿತು. ದೊಡ್ಡ ಗಲಾಟೆಯೇ ಆಯಿತು. ಯೂವೆಲ್ ಆ ನಂಟನ್ನು ವಾದ ಹೂಡಿ ತೋರಿಸಬೇಕಾಯಿತು. ನಮಗೆ ಆ ಕಷ್ಟವೂ ಇಲ್ಲ, ನಮ್ಮವರು ಶ್ಲೋಕದಲ್ಲೇ ಬರೆದಿಟ್ಟಿದ್ದಾರೆ. ಗಲಾಟೆ ಮಾತ್ರ ಆಗಿಲ್ಲ.

ಇನ್ನೊಂದು ಪ್ರಶ್ನೆ: 'ಅವನದ್ಧ ವಾದ್ಯ ಎಂದರೇನು?' ಚರ್ಮ ಮುಚ್ಚಿದ ವಾದ್ಯ, ಉದಾಹರಣೆಗೆ ಮೃದಂಗ. ಎರಡು ಅಂಕ. ಯಾರ ಕೈ ಮುಚ್ಚಿದ ಚರ್ಮ ಎಂದು ಕೇಳುವ ಪ್ರಶ್ನೆ ನಾನು ನೋಡಿಲ್ಲ. ಮೃದಂಗಕ್ಕೆ ಹಸುವಿನ ಚರ್ಮ ಬೇಕು, ಮೇಕೆಯದು ಬೇಕು, ಎಮ್ಮೆಯದೂ ಬೇಕು. ಬಲಮುಖದ ನಡುವೆ ಅನ್ನ ಮತ್ತು ಕಲ್ಲಿನ ಪುಡಿ ಕಲಸಿ ಪದರದ ಮೇಲೆ ಪದರ ತೀಡಿ ಕರಣೆ ಹಾಕುತ್ತಾರೆ. ಬರೀ ಚರ್ಮಕ್ಕೆ ಹೊಡೆದರೆ ಮೂಲನಾದದ ಜೊತೆ ಅದರ 1.59 ಪಟ್ಟು, 2.14 ಪಟ್ಟು, ಹೀಗೆ ಒಂದಕ್ಕೊಂದು ಹೊಂದದ ನಾದಗಳು ಏಳುತ್ತವೆ, ಶ್ರುತಿ ನಿಲ್ಲುವುದಿಲ್ಲ. ಕರಣೆ ಬಿದ್ದ ಮೇಲೆ ಅವು ಎರಡು, ಮೂರು, ನಾಲ್ಕು, ಐದು ಪಟ್ಟಿನ ಲೆಕ್ಕಕ್ಕೆ ಬಂದು ಕೂರುತ್ತವೆ. ಇದನ್ನು ಸಿ.ವಿ. ರಾಮನ್ 1920ರಲ್ಲಿ, ಮತ್ತೆ 1934ರಲ್ಲಿ ಬರೆದು ತೋರಿಸಿದರು. ರಾಮನ್ ಲೆಕ್ಕ ಹಾಕುವುದಕ್ಕೆ ಎಷ್ಟೋ ಮೊದಲೇ ಅದನ್ನು ಬರೀ ಕಿವಿಯಿಂದ ಸಾಧಿಸಿ ಇಟ್ಟಿದ್ದವರು ಮೃದಂಗ ಕಟ್ಟುವವರು. ಒಂದು ಪದರ ತೀಡು, ತಟ್ಟಿ ಕೇಳು, ಇನ್ನೊಂದು ಪದರ ತೀಡು. ಸ್ವರಜ್ಞಾನ ಅಂದರೆ ಇದಲ್ಲದೆ ಮತ್ತೇನು?

ತಮಿಳುನಾಡಿನಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಅವರ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಸಭಾಂಗಣವನ್ನು ವಾಪಸು ತೆಗೆದುಕೊಂಡಿತು. ಮೃದಂಗ ವೇದಿಕೆ ಹತ್ತಬಹುದು, ಕಟ್ಟಿದವನ ಕಥೆ ಹತ್ತುವಂತಿಲ್ಲ!

ಈಗ ಗೆಳೆಯರ ಮಾತಿಗೆ ಬರುತ್ತೇನೆ. 'ನಮ್ದು ತಮಟೆ ಇಲ್ವಾ' ಅನ್ನುವಾಗ ನಾವೂ ಒಂದು ತಪ್ಪು ಮಾಡುತ್ತೇವೆ. ತಮಟೆ ಬರೀ ರೋಷ, ಅದಕ್ಕೆ ಶಾಸ್ತ್ರ ಇಲ್ಲ ಅಂತ ಎದುರಿನವರು ಹೇಳುವುದನ್ನೇ ಹೆಮ್ಮೆಯಿಂದ ಒಪ್ಪಿಕೊಂಡುಬಿಡುತ್ತೇವೆ. ನಮ್ಮಪ್ಪ ಹಬ್ಬದ ದಿನ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುವಾಗ ನಾನು ಪಕ್ಕದಲ್ಲಿರುತ್ತಿದ್ದೆ. ಬೆರಳಲ್ಲಿ ತಟ್ಟೋದು, ಕಿವಿ ಕೊಡೋದು, ಮತ್ತೆ ಬೆಂಕಿಗೆ ಹಿಡಿಯೋದು. 'ಇನ್ನೂ ಮಾತಾಡ್ತಿಲ್ಲ ಕಣ್ಲಾ' ಅನ್ನೋನು. ಯಾವ ಹೊತ್ತಿಗೆ ಅದು 'ಮಾತಾಡಿತು' ಅಂತ ಅವನಿಗೆ ಗೊತ್ತಾಗುತ್ತಿತ್ತು, ನನಗೆ ಆಗುತ್ತಿರಲಿಲ್ಲ. ಅದನ್ನು ಕೇಳಿ ಬರೆದಿಟ್ಟುಕೊಳ್ಳುವಷ್ಟು ಶಾಸ್ತ್ರ ನಾನು ಕಲಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾಸಿದ ತವರ, ಅರಗು ಹೊಯ್ಯಿರಿ ಅಂದ ಗೌತಮ ಧರ್ಮಸೂತ್ರವನ್ನು ನಾವು ಭಾಷಣದಲ್ಲಿ ಎಷ್ಟು ಸಲ ಹೇಳಿದ್ದೇವೆ! ಕಿವಿ ತೆರೆಯುವ ಪಾಠ ಇರುವ ಕಡೆಗೆ ನಮ್ಮ ಹುಡುಗಿ ಹೊರಟರೆ ಬೇಡ ಅನ್ನುವುದು ಹೇಗೆ?

ಮಾರನೇ ದಿನ ಅವಳಿಗೆ ಹೇಳಿದೆ: 'ಸೇರ್ಕೊ ಕಣವ್ವ. 72 ಮೇಳಾನೂ ಕಲಿ. ರಜದಲ್ಲಿ ಊರಿಗೆ ಬಂದಾಗ ತಾತ ತಮಟೆ ಕಾಯ್ಸೋವಾಗ ಕೂತ್ಕೊಂಡು ಕೇಳು, ಬರ್ಕೊ.' 'ತಾತಂಗೆ ಈಗ ಕಿವಿ ಸರ್ಯಾಗಿ ಕೇಳಲ್ಲ ಸಾ' ಅಂದಳು. 'ಹಂಗಾದ್ರೆ ಈ ರಜಾನೇ ಹೋಗು' ಅಂದೆ.

ಸಂಗೀತ ಓದಿದ, ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ತಮ್ಮ ಶಾಸ್ತ್ರದ ಪ್ರಶ್ನೆಪತ್ರಿಕೆಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಒಳ್ಳೆಯದು. ಯೂವೆಲ್ ಎಣಿಸಿದ ಹಾಗೆ ನಾವೂ ಕೂತು ಎಣಿಸಬಹುದು.