ಶಿಖರವನ್ನು ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಗಗನಚುಂಬಿ ಕಟ್ಟಡಗಳ ಮಾತು ಬಂದಾಗ ಅಮೆರಿಕದ ಲೂಯಿ ಸಲ್ಲಿವನ್ನನನ್ನು ನೆನೆಯುವುದು ವಾಡಿಕೆ. 1891ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಉಕ್ಕಿನ ಹಂದರದ ಮೇಲೆ ಹತ್ತು ಅಂತಸ್ತುಗಳ ವೇನ್‌ರೈಟ್ ಸೌಧವನ್ನು ನಿಲ್ಲಿಸಿ, ಉನ್ನತವಾದ ಕಟ್ಟಡವು ಅಡಿಯಿಂದ ಮುಡಿಯವರೆಗೆ ಉನ್ನತವಾಗಿಯೇ ತೋರಬೇಕೆಂದು 1896ರ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದ ಆ ಮಹಾಶಯನ ಮಾತಿನ ಮರ್ಮವನ್ನು ಕಣ್ಣಾರೆ ಅರಿಯಬಯಸುವವರು ಹಾವೇರಿಯ ಸೀಮೆಗೆ ಬರಬೇಕೆಂಬುದು ನನ್ನ ದೃಢವಾದ ಅಭಿಮತ. ಏಕೆಂದರೆ ಔನ್ನತ್ಯವು ಅಳತೆಗೋಲಿಗಿಂತ ಮಿಗಿಲಾಗಿ ದೃಷ್ಟಿಗೆ ಸೇರಿದ ಗುಣ, ಮತ್ತು ಅದನ್ನು ಮಿತವಾದ ಕಲ್ಲಿನಲ್ಲಿ ಸಾಧಿಸುವ ವಿದ್ಯೆ ಕಲ್ಯಾಣದ ಚಾಲುಕ್ಯರ ಕಾಲದ ಸೂತ್ರಧಾರಿಗಳಿಗೆ ಕರಗತವಾಗಿತ್ತು.

ಆ ಸೂತ್ರಧಾರಿಗಳ ಜೀವನವೃತ್ತಾಂತಗಳನ್ನು ಯಾರೂ ಬರೆದಿಡಲಿಲ್ಲ. ಅವರಿಗಿಂತ ಬಹು ಹಿಂದೆ, ಎಂಟನೆಯ ಶತಮಾನದಲ್ಲಿ, ಕಂಚಿಯನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಎತ್ತಿಸಿದ, ಇಂದು ವಿರೂಪಾಕ್ಷವೆನಿಸಿರುವ ದೇಗುಲವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದದ್ದನ್ನು ಅಲ್ಲಿಯ ಶಾಸನ ಹೇಳುತ್ತದೆ. ಆದರೆ ಅವನ ಪರಂಪರೆಯಲ್ಲಿ ಮುಂದೆ ಬಂದವರನ್ನು ಅವರ ಕೆಲಸದಿಂದಲೇ ಗುರುತಿಸಬೇಕು.

ಹಾವೇರಿಯ ಪುರಸಿದ್ಧೇಶ್ವರನ ಗುಡಿಗೆ ಮುಂಜಾನೆಯೇ ಹೋಗಿರಿ. ಹನ್ನೆರಡನೆಯ ಶತಮಾನದ ಈ ಗುಡಿ ರೂಢಿಯನ್ನು ಬಿಟ್ಟು ಪಶ್ಚಿಮಾಭಿಮುಖವಾಗಿರುವುದರಿಂದ, ಎಳೆಬಿಸಿಲು ಗರ್ಭಗೃಹದ ಹಿಂಗೋಡೆಯ ಮೇಲೂ ಶಿಖರದ ಬೆನ್ನಿನ ಮೇಲೂ ನೇರವಾಗಿ ಬೀಳುತ್ತದೆ. ಹೊಸಬರು ಬಂದೊಡನೆ ಕತ್ತೆತ್ತಿ ತುದಿಯನ್ನು ನೋಡುತ್ತಾರೆ; ಹಾಗೆ ಮಾಡಬಾರದು. ಮೊದಲು ಗೋಡೆಯ ಬಳಿ ನಿಂತು ಅರೆಗಂಬಗಳನ್ನು ನೋಡಿ. ಒಂದೊಂದು ಅರೆಗಂಬದ ತಲೆಯ ಮೇಲೆ ಗೇಣುದ್ದದ ಗುಡಿಯೊಂದು ಕೂತಿರುತ್ತದೆ: ಅದಕ್ಕೂ ಅಂತಸ್ತುಗಳುಂಟು, ಅದಕ್ಕೂ ಶಿಖರವುಂಟು. ಈ ಪುಟ್ಟ ಶಿಖರವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ದೃಷ್ಟಿಯನ್ನು ಮೇಲಕ್ಕೆ ಹರಿಸಿರಿ. ದೊಡ್ಡ ಶಿಖರದ ಪ್ರತಿಯೊಂದು ತಲದಲ್ಲಿಯೂ ಅಂಥವೇ ಕಿರುಗುಡಿಗಳ ಸಾಲು, ಮೇಲೇರಿದಂತೆ ಕಿರಿದಾಗುತ್ತ, ಒತ್ತೊತ್ತಾಗುತ್ತ, ಕಡೆಗೆ ಒಂದೇ ಶಿರಸ್ಸಿನಲ್ಲಿ ಸಮಾಪ್ತವಾಗುತ್ತದೆ. ಯಾರೂ ವಾಸಿಸದ ಈ ಅಂತಸ್ತುಗಳು ಇರುವುದು ಕಣ್ಣಿಗಾಗಿ ಮಾತ್ರ. ಸಣ್ಣದರಿಂದ ಅಳತೆಯನ್ನು ಕಲಿತ ಕಣ್ಣು ದೊಡ್ಡದನ್ನು ತಾನೇ ಗುಣಿಸಿಕೊಂಡು, ಇರುವುದಕ್ಕಿಂತ ಎಷ್ಟೋ ಎತ್ತರವನ್ನು ಕಾಣುತ್ತದೆ. ಇದನ್ನು ಕಂಡವನಿಗೆ ಈ ಶೈಲಿಯ ಅರ್ಧ ವಿದ್ಯೆ ಬಂದಂತೆಯೇ ಸರಿ.

ಇಷ್ಟು ಸೂಕ್ಷ್ಮವಾದ ಕೆತ್ತನೆಗೆ ಬಳಪದ ಕಲ್ಲೇ ಆಧಾರ. ಹಿಂದಿನವರು ಬಳಸುತ್ತಿದ್ದ ಮರಳುಗಲ್ಲಿನ ಸ್ಥಾನದಲ್ಲಿ, ಸುಮಾರು 1050ರ ಅಣ್ಣಿಗೇರಿಯ ಅಮೃತೇಶ್ವರ ದೇಗುಲದಿಂದೀಚೆಗೆ, ಈ ಮೃದುವಾದ ಕಲ್ಲು ರೂಢಿಗೆ ಬಂದು ಉಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು.

ಹಾವೇರಿಯಿಂದ ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಸೀಮೆಯನ್ನು ದಾಟಿ ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರಕ್ಕೆ ಬನ್ನಿ. ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಈ ಊರಿನಲ್ಲಿ, ತುಂಗಭದ್ರೆಯ ದಡದ ಮೇಲೆ, ಒಂದೇ ಗರ್ಭಗುಡಿಯ ಮುಕ್ತೇಶ್ವರ ದೇವಾಲಯವಿದೆ. ಇಲ್ಲಿ ಸಮೀಪದ ನೋಟ ಬೇಡ. ಶಿಖರವೂ ಮಂಟಪವೂ ಒಟ್ಟಿಗೆ ಕಣ್ಣಿಗೆ ತುಂಬುವಷ್ಟು ದೂರ ಸರಿದು, ಮಂಟಪದ ಅಡ್ಡಗೆರೆಗಳು ವಿಮಾನವನ್ನು ಹೇಗೆ ಎತ್ತಿಹಿಡಿಯುತ್ತವೆಂಬುದನ್ನು ಗಮನಿಸಿರಿ. ಪ್ರಮಾಣಬದ್ಧತೆಯಲ್ಲಿ ಇದಕ್ಕೆ ಸರಿಗಟ್ಟುವ ಗುಡಿಯನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ. ಗುತ್ತಲದ ಅರಸರ ಕಾಲದ ಎತ್ತರವಾದ ಶಾಸನಗಲ್ಲುಗಳನ್ನೂ ನೋಡದೆ ಬರಬೇಡಿ.

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥವನ್ನು ಮಾತ್ರ ಕಡೆಗಿಟ್ಟುಕೊಳ್ಳಿ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾವ್ಯನಾಮವನ್ನು ಪಡೆದದ್ದು ಈ ಊರಿನಿಂದಲೇ. ಹನ್ನೊಂದನೆಯ ಶತಮಾನದ ಗಳಗೇಶ್ವರ ಗುಡಿಯ ಬುಡವು ಇಳಿಜಾರಾಗಿ ಹೊರಚಾಚಿ, ಭಾರವನ್ನು ನೆಲಕ್ಕೆ ಹಂಚುವ ರೀತಿ ಪ್ರತ್ಯಕ್ಷವಾಗಿ ಕಾಣುತ್ತದೆ. ಹಾವೇರಿಯಲ್ಲಿ ಅಲಂಕಾರವು ಮರೆಸಿದ್ದ ಈ ಭಾರದ ಪ್ರಶ್ನೆಯನ್ನು ಇಲ್ಲಿಯ ಸೂತ್ರಧಾರಿ ಬಚ್ಚಿಡದೆ ರೂಪದ ಒಂದು ಅಂಗವಾಗಿಯೇ ಮಾಡಿಕೊಂಡಿದ್ದಾನೆ. ಆದ್ದರಿಂದ ಇಲ್ಲಿ ನೋಟವನ್ನು ಶಿಖರದಿಂದ ಆರಂಭಿಸಿ, ಕಪೋತಗಳೆಂಬ ಬಾಗಿದ ಸೂರುಪಟ್ಟಿಗಳ ಮೇಲಿಂದ ಇಳಿಸುತ್ತ, ಆ ಇಳಿಜಾರು ನೆಲವನ್ನು ಮುಟ್ಟುವವರೆಗೆ ತರತಕ್ಕದ್ದು.